ಒಂದೇ ವಿಭಾಗ ಪತ್ರ, ನಾಲ್ಕು ದಾರಿ: ವಿಂಡೋಸ್ 10 ಮುಗಿದ ಮೇಲೆ ನಮ್ಮ ಡಿಟಿಪಿ ಅಂಗಡಿ

ವಿಂಡೋಸ್ 10 ಮುಗಿದ ಮೇಲೆ ಅಂಗಡಿಗೆ ಯಾವ ಸಿಸ್ಟಮ್ ಆದೀತೆಂದು ಪರೀಕ್ಷಿಸಲು ನಾನು ಆರಿಸಿಕೊಂಡದ್ದು ಹಳೆಯ ವಿಭಾಗ ಪತ್ರವೊಂದರ ಮೂರನೇ ಪುಟ. ಹೆಸರು, ಊರು, ಸರ್ವೆ ನಂಬರು ಎಲ್ಲ ಬದಲಿಸಿಟ್ಟುಕೊಂಡೆ. ಪಿತ್ರಾರ್ಜಿತ, ಸ್ವಯಾರ್ಜಿತ, ಹಕ್ಕುಬಾಧ್ಯತೆ, ಚಕ್ಕುಬಂದಿ, ಖರಾಬು, ಹೀಗೆ ಒತ್ತಕ್ಷರ ಮತ್ತು ಅರ್ಕಾವತ್ತು ದಟ್ಟವಾಗಿರುವ ಪುಟ. ನಡುವೆ ಅಲ್ಲಲ್ಲಿ ಇಂಗ್ಲಿಷ್ ಪದ, ಕೊನೆಗೆ ಷೆಡ್ಯೂಲಿನ ಕೋಷ್ಟಕ. ತುಮಕೂರಿನಲ್ಲಿ ಒಂದು ಡಿಟಿಪಿ ಅಂಗಡಿಗೆ ಕಂಪ್ಯೂಟರ್ ಬೇಕಾಗುವುದು ಇಂಥ ಪುಟಕ್ಕಾಗಿಯೇ. ಇದನ್ನು ತಪ್ಪಿಲ್ಲದೆ ಟೈಪ್ ಮಾಡಿ, ಡಾಕ್ಯುಮೆಂಟ್ ಶೀಟಿನ ಮೇಲೆ ಮಾರ್ಜಿನ್ ಜಾರದಂತೆ ಪ್ರಿಂಟ್ ತೆಗೆಯಲು ಬಂದರೆ ಆ ಸಿಸ್ಟಮ್ ನಮಗೆ ಆಗುತ್ತದೆ. ಬರದಿದ್ದರೆ ಅದು ಎಷ್ಟು ಹೊಸದಾದರೂ ನಮಗಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು. 2015ರ ಜುಲೈನಲ್ಲಿ ಬಂದದ್ದು, ಹತ್ತು ವರ್ಷ ಬಾಳಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಂಗಡಿಯ ಹಿಂದಿನ ಮೇಜಿನ ಮೇಲಿರುವುದು ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಕೌಂಟರಿನಲ್ಲಿರುವುದು ಮೂರನೇ ತಲೆಮಾರಿನ ಐ3, 4 ಜಿಬಿ, ಹಳೇ ಹಾರ್ಡ್ ಡಿಸ್ಕು. ಮನೆಯ ಲ್ಯಾಪ್‌ಟಾಪ್ ಏಳನೇ ತಲೆಮಾರಿನದು. ಮೂರೂ ಪಟ್ಟಿಯಿಂದ ಹೊರಗೆ. ಮೂರೂ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಚೆನ್ನಾಗಿ ದುಡಿಯುತ್ತಿವೆ.

ಹೊಸದು ತಂದರೆ ಮುಗಿಯಿತಲ್ಲ ಎಂದು ಬಹಳ ಜನ ಹೇಳಿದರು. ಅದನ್ನೂ ನೋಡೋಣವೆಂದು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬಂದೆ. ಅಲ್ಲಿ ರ‍್ಯಾಮಿಗೆ ಹೇಳಿದ ಬೆಲೆ ನಾನು ಎರಡು ವರ್ಷದ ಹಿಂದೆ ಕೊಟ್ಟದ್ದರ ದುಪ್ಪಟ್ಟನ್ನೂ ದಾಟಿತ್ತು. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಎಚ್‌ಬಿಎಂ ಎಂಬ ವೇಗದ ಮೆಮೊರಿಯನ್ನು ತಯಾರಿಸುವುದು ಬೆರಳೆಣಿಕೆಯ ಕಂಪನಿಗಳು, ನಮ್ಮ ಮೇಜಿನ ಕಂಪ್ಯೂಟರಿಗೆ ರ‍್ಯಾಮ್ ತಯಾರಿಸುವವೂ ಅವೇ. ಲಾಭ ಎಲ್ಲಿ ಹೆಚ್ಚೋ ಉತ್ಪಾದನೆ ಅತ್ತ ವಾಲಿತು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇದೇ ಹೊತ್ತಿಗೆ 16 ಜಿಬಿ ಮೆಮೊರಿಯನ್ನೂ ಎಐಗೆಂದೇ ಬೇರೊಂದು ಚಿಪ್ಪನ್ನೂ ಬೇಡುವ ಕೋಪೈಲಟ್ ಪ್ಲಸ್ ಪಿಸಿಗಳ ಪ್ರಚಾರ. ಮದುವೆ ಪತ್ರಿಕೆ, ವಕಾಲತ್ತು, ಜಾತ್ರೆ ಕರಪತ್ರ ಮಾಡುವ ಅಂಗಡಿಗೆ ಅದರಿಂದ ಏನು ಸಿಗುತ್ತದೆ ಎಂದು ನಿಜಕ್ಕೂ ಹುಡುಕಿದೆ. ನನ್ನ ಕೆಲಸಕ್ಕೆ ಒಂದೂ ಸಿಗಲಿಲ್ಲ. ಬರಿಗೈಲಿ ವಾಪಸ್ ಬಂದೆ. ಇರುವ ಯಂತ್ರಗಳಲ್ಲೇ ದಾರಿ ಹುಡುಕಬೇಕೆಂದು ಗಟ್ಟಿಮಾಡಿದ್ದು ಆ ರೈಲಿನಲ್ಲಿ.

ಮೊದಲ ದಾರಿ, ವಿಂಡೋಸ್ 10ರಲ್ಲೇ ಉಳಿಯುವುದು. ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತೆ ಇದೆ, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ ಆನ್ ಮಾಡಿದರೆ ಉಚಿತ, ಇಲ್ಲವೇ 30 ಡಾಲರ್. ಮನೆಯ ಲ್ಯಾಪ್‌ಟಾಪಿಗೆ ಇದನ್ನೇ ಮಾಡಿದೆ, ಐದು ನಿಮಿಷದ ಕೆಲಸ. ವ್ಯವಹಾರಕ್ಕೆ ಬಳಸುವ ಯಂತ್ರಕ್ಕೆ ಲೆಕ್ಕ ಬೇರೆ: ಮೊದಲ ವರ್ಷ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು, ಹೆಚ್ಚೆಂದರೆ ಮೂರು ವರ್ಷ. ಹಳೇ ಐ3ಗೆ ಇಷ್ಟು ಸುರಿಯುವುದು ನನಗೆ ಒಪ್ಪಿಗೆಯಾಗಲಿಲ್ಲ.

ಎರಡನೆಯದು, ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವುದು. ಐ5ಗೆ ಹಾಕಿದೆ. ಎಸ್‌ಎಸ್‌ಡಿ ಇದ್ದುದರಿಂದ ಸರಾಗವಾಗಿಯೇ ಓಡಿತು. ಪುಟ ವಿನ್ಯಾಸದ ಪೇಜ್‌ಮೇಕರ್ 7 ತೆರೆಯಿತು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಓಡಿತು, ವಿಭಾಗ ಪತ್ರದ ಪುಟ ಮೊದಲಿನಂತೆಯೇ ಬಂತು. ಬರೀ ಪುಟದ ಪರೀಕ್ಷೆಯಾದರೆ ಇದಕ್ಕೇ ಪೂರ್ತಿ ಅಂಕ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟಿನ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ನಾವೇ ಕೈಯಾರೆ ಹಾಕಿಕೊಳ್ಳಬೇಕು. ಅಂಗಡಿಗೆ ಬರುವವರು ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ತಂದು ನಮ್ಮ ಕೈಗೆ ಕೊಡುತ್ತಾರೆ. ಅವುಗಳನ್ನು ತೆರೆಯುವ ಯಂತ್ರ ಹೀಗೆ ತೂಗುಗತ್ತಿಯ ಕೆಳಗಿರುವುದು ನನಗೆ ಸರಿಯೆನಿಸಲಿಲ್ಲ.

ಮೂರನೆಯದು ಕ್ರೋಮ್‌ಓಎಸ್ ಫ್ಲೆಕ್ಸ್. ನೆವರ್‌ವೇರ್ ಎಂಬ ಸಂಸ್ಥೆ ಹಳೇ ಯಂತ್ರಗಳಿಗೆಂದು ಒಂದು ಆಪರೇಟಿಂಗ್ ಸಿಸ್ಟಮ್ ಮಾಡುತ್ತಿತ್ತು; 2020ರಲ್ಲಿ ಗೂಗಲ್ ಆ ಸಂಸ್ಥೆಯನ್ನೇ ಕೊಂಡು, 2022ರಲ್ಲಿ ಅದನ್ನು ಈ ಹೆಸರಿನಲ್ಲಿ ಬಿಟ್ಟಿತು. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಾಗಿಲ್ಲ. ಕೌಂಟರಿನ ಐ3ಯಲ್ಲಿ ಹಾಕಿ ನೋಡಿದಾಗ ಬೆರಗಾದೆ. ವಿಂಡೋಸಿನಲ್ಲಿ ಆನ್ ಮಾಡಿ ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ, ಗ್ರಾಹಕ ಎದುರಿಗೆ ನಿಂತಿರುವಾಗಲೇ ಸಿದ್ಧವಾಗುತ್ತಿತ್ತು. ಅದರ ಗೆಸ್ಟ್ ಮೋಡ್ ನನಗೆ ಬಹಳ ಹಿಡಿಸಿತು. ಯಾರೋ ಬಂದು ತಮ್ಮ ಮೇಲ್ ತೆರೆದು ಮಾರ್ಕ್ಸ್ ಕಾರ್ಡ್ ಇಳಿಸಿಕೊಂಡು ಪ್ರಿಂಟ್ ತೆಗೆದು ಹೊರಬಂದರೆ, ಆ ಫೈಲು, ಪಾಸ್‌ವರ್ಡು ಎಲ್ಲ ಅಳಿಸಿಹೋಗುತ್ತವೆ. ಜೆರಾಕ್ಸ್ ಅಂಗಡಿಗಳ ಡೌನ್‌ಲೋಡ್ ಫೋಲ್ಡರಿನಲ್ಲಿ ನೂರಾರು ಜನರ ಆಧಾರ್ ಬಿದ್ದಿರುತ್ತದೆ. ಅದನ್ನು ಕಂಡು ಸಂಕಟಪಟ್ಟವನು ನಾನು, ಆದ್ದರಿಂದ ಈ ಒಂದು ಗುಣಕ್ಕಾಗಿ ಫ್ಲೆಕ್ಸಿಗೆ ಮನಸ್ಸು ಕೊಟ್ಟಿದ್ದೆ.

ವಿಭಾಗ ಪತ್ರದ ಪುಟಕ್ಕೆ ಬಂದಾಗ ಮನಸ್ಸು ಮುದುಡಿತು. ನುಡಿಯ ಕೀಲಿಮಣೆ ವಿನ್ಯಾಸ ಅದರಲ್ಲಿ ನನಗೆ ಸಿಗಲಿಲ್ಲ. ಇಂಗ್ಲಿಷ್ ಉಚ್ಚಾರಣೆ ಟೈಪ್ ಮಾಡಿ ಕನ್ನಡ ಪಡೆಯುವ ವಿಧಾನ ಮೊಬೈಲಿನಲ್ಲಿ ನಾಲ್ಕು ಸಾಲು ಬರೆಯುವವರಿಗೆ ಸಾಕು, ದಿನಕ್ಕೆ ಮೂವತ್ತು ಪುಟ ಹೊಡೆಯುವವರಿಗೆ ಸಾಲದು. ವಿಂಡೋಸ್ ತಂತ್ರಾಂಶ ಇದರಲ್ಲಿ ನಡೆಯುವುದಿಲ್ಲ, ಫ್ಲೆಕ್ಸಿಗೆ ಪ್ಲೇ ಸ್ಟೋರಿನ ಆ್ಯಪ್‌ಗಳೂ ಇಲ್ಲ. ನೆಟ್‌ವರ್ಕಿನಲ್ಲಿರುವ ಪ್ರಿಂಟರ್ ಸಿಕ್ಕಿತು, ಯುಎಸ್‌ಬಿಯ ಹಳೇ ಲೇಸರ್ ಸಿಗಲೇ ಇಲ್ಲ.

ನಾಲ್ಕನೆಯದು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಅದೇ ಐ3, ಅದೇ 4 ಜಿಬಿ. ಮಿಂಟ್ 22ರ ಸಾಲಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ವೇಗ ಫ್ಲೆಕ್ಸಿನಷ್ಟಿಲ್ಲ, ಹಾರ್ಡ್ ಡಿಸ್ಕು ನಿಧಾನ. ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದ ಮೇಲೆ ಆ ವ್ಯತ್ಯಾಸವೂ ಬಹುತೇಕ ಹೋಯಿತು. ಕೀಲಿಮಣೆಯ ಪಟ್ಟಿ ತೆರೆದು ಕನ್ನಡದ ಕೆಳಗೆ ನೋಡಿದರೆ ಕಗಪ ಎಂಬ ಹೆಸರು. ಕನ್ನಡ ಗಣಕ ಪರಿಷತ್ತಿನ ಕಗಪ! ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಮ್ಮ ಬೆರಳಿಗೆ ಕೂತಿರುವ ಅದೇ ವಿನ್ಯಾಸ. ಎಫ್ ಒತ್ತಿದರೆ ಒತ್ತಕ್ಷರ, ದೊಡ್ಡ ಎಂ ಒತ್ತಿದರೆ ಸೊನ್ನೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಾಗಿರಲಿಲ್ಲ.

ಅಪ್ಪನ ಕಾಲದಿಂದ ನಮ್ಮಲ್ಲಿ ಟೈಪ್ ಮಾಡುತ್ತಿರುವ ಅಕ್ಕನನ್ನು ಅದರ ಮುಂದೆ ಕೂರಿಸಿದೆ. ಇವರು ಒಪ್ಪದೆ ಯಾವ ಸಿಸ್ಟಮ್ಮೂ ನಮ್ಮ ಅಂಗಡಿಯಲ್ಲಿ ಉಳಿಯುವುದಿಲ್ಲ. ಪುಟವನ್ನು ನೋಡಿಕೊಂಡು ಹೊಡೆಯುತ್ತಾ ಹೋದರು.

‘ಹೆಂಗೈತಕ್ಕ?’

‘ಕೈಗೇನೂ ಹೊಸದು ಅನ್ನಿಸ್ಲಿಲ್ಲ ಕಣಪ್ಪ. ಅಕ್ಷರದ ಮುಖ ಮಾತ್ರ ಬೇರೆ ಐತೆ.’

ಅಕ್ಷರದ ಮುಖಕ್ಕೂ ದಾರಿ ಸಿಕ್ಕಿತು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ನವಿಲು, ಗುಬ್ಬಿ ಎಂಬ ಎರಡು ಮುಕ್ತ ಕನ್ನಡ ಫಾಂಟ್‌ಗಳಿವೆ. ಗುಬ್ಬಿ ತಾಲ್ಲೂಕು ನಮ್ಮ ಜಿಲ್ಲೆಯದು, ಅಕ್ಕನ ತವರೂ ಅದೇ. ಫಾಂಟಿಗೆ ಹೆಸರು ಬಂದದ್ದು ಹಕ್ಕಿಯಿಂದಲೇ ಇರಬೇಕು, ಆದರೂ ಅವರು ಆರಿಸಿದ್ದು ಗುಬ್ಬಿಯನ್ನೇ. ಒಂದೇ ಒಂದು ಕಡೆ ತೊಡಕಾಯಿತು. ಟ್ಯುಟೋರಿಯಲ್ ಒಂದರ ಕರಪತ್ರದಲ್ಲಿ ರ‍್ಯಾಂಕ್ ಎಂದು ಹೊಡೆದರೆ ರ್ಯಾಂಕ್ ಎಂದು ಅರ್ಕಾವತ್ತಾಗಿ ಬರುತ್ತಿತ್ತು. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ರಕಾರದ ನಂತರ ಝಡ್‌ಡಬ್ಲ್ಯುಜೆ ಎಂಬ ಕಣ್ಣಿಗೆ ಕಾಣದ ಸಂಕೇತ ಹಾಕಿದರೆ ಮಾತ್ರ ರಕಾರ ತನ್ನ ಜಾಗದಲ್ಲಿ ನಿಲ್ಲುತ್ತದೆ. ಅದನ್ನು ಒಂದು ಕಡೆ ಬರೆದಿಟ್ಟುಕೊಂಡು ಅಂಟಿಸುತ್ತಿದ್ದೇವೆ.

ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ಕೋಷ್ಟಕ ಸರಿಯಾಗಿ ನಿಂತಿತು, ಲೀಗಲ್ ಅಳತೆಗೆ ಮಾರ್ಜಿನ್ ಒಮ್ಮೆ ಹೊಂದಿಸಿದ ಮೇಲೆ ಪ್ರಿಂಟೂ ನೇರವಾಗಿ ಬಂತು. ಹಳೇ ಲೇಸರಿಗೆ ಡ್ರೈವರ್ ಹುಡುಕಲು ಒಂದು ಸಂಜೆ ಹೋಯಿತು, ಆಮೇಲೆ ತಕರಾರಿಲ್ಲ. ಗೆಸ್ಟ್ ಲಾಗಿನ್ ಇದರಲ್ಲೂ ಉಂಟು, ಆಫ್ ಆಗಿರುತ್ತದೆ, ಲಾಗಿನ್ ವಿಂಡೋ ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು. ಇನ್ನೊಂದು ಲಾಭವನ್ನು ನಾನು ಎಣಿಸಿರಲೇ ಇಲ್ಲ. ಕಾಲೇಜು ಮಕ್ಕಳು ತರುವ ಪೆನ್‌ಡ್ರೈವುಗಳಲ್ಲಿ ಫೋಲ್ಡರುಗಳನ್ನೆಲ್ಲ ಅಡಗಿಸಿ ಶಾರ್ಟ್‌ಕಟ್ ತೋರಿಸುವ ವೈರಸ್ ಇರುತ್ತದಲ್ಲ, ಅದು ವಿಂಡೋಸಿಗೆಂದು ಬರೆದದ್ದು. ಮಿಂಟಿನಲ್ಲಿ ಅದು ಸತ್ತ ಫೈಲು. ಅಡಗಿದ ಫೋಲ್ಡರುಗಳೂ ಎದುರಿಗೇ ಕಾಣುತ್ತವೆ. ಪ್ರಾಜೆಕ್ಟ್ ರಿಪೋರ್ಟ್ ಹೋಯಿತೆಂದು ಅಳುಮುಖ ಮಾಡಿಕೊಂಡು ಬಂದ ಇಬ್ಬರು ಹುಡುಗಿಯರಿಗೆ ಅದನ್ನು ತೆಗೆದುಕೊಟ್ಟ ದಿನ ನನಗೆ ತುಂಬಾ ಸಂತೋಷವಾಗಿತ್ತು.

ಬೆರಳ ಗುರುತು ಓದುವ ಬಯೋಮೆಟ್ರಿಕ್ ಯಂತ್ರ ಮಾತ್ರ ಮಿಂಟಿನಲ್ಲಿ ನಡೆಯಲಿಲ್ಲ. ನಮ್ಮಲ್ಲಿರುವ ಮಾದರಿಗೆ ತಯಾರಕರು ಕೊಟ್ಟಿರುವುದು ವಿಂಡೋಸ್ ಮತ್ತು ಆಂಡ್ರಾಯ್ಡ್ ತಂತ್ರಾಂಶ.

ಇಷ್ಟರವರೆಗೆ ಇದು ಮಿಂಟ್ ಗೆದ್ದ ಕಥೆ. ಆಮೇಲೆ ಒಬ್ಬ ವಕೀಲರು ಬಂದು 2011ರಲ್ಲಿ ಮಾಡಿಸಿದ ಕ್ರಯಪತ್ರದ ಕರಡು ತೆಗೆದುಕೊಡಿ ಎಂದರು. ಫೈಲು ಸಿಕ್ಕಿತು, ಮಿಂಟಿನಲ್ಲಿ ತೆರೆದೆ. ಕನ್ನಡ ಎಂಬ ಪದ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ತಲೆಯ ಮೇಲೆ ಗೀರುಗಳಿರುವ ಯಾವುದೋ ಯುರೋಪಿನ ಅಕ್ಷರಗಳ ಗೋಜಲಾಗಿ ನಿಂತಿತ್ತು. ಹಳೆಯ ನುಡಿ ಫೈಲುಗಳು ಹೀಗೆಯೇ. ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ, ಅಷ್ಟೆ. ಆಸ್ಕಿ ಎಂದು ನಾವು ಕರೆಯುವುದು ಇದನ್ನೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಲಿನಕ್ಸ್ ಹುಟ್ಟಿದ್ದೂ ಅದೇ ವರ್ಷ. ನಾವು ಮಾತ್ರ ಪೇಜ್‌ಮೇಕರನ್ನು ಬಿಡಲಿಲ್ಲ, ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಹಾಗಾಗಿ ಆಸ್ಕಿ ಫಾಂಟು, ಆಸ್ಕಿ ಫಾಂಟಿಗಾಗಿ ವಿಂಡೋಸು.

ವೈನ್ ಎಂಬ ಸೇತುವೆಯ ಮೂಲಕ ಪೇಜ್‌ಮೇಕರನ್ನು ಮಿಂಟಿಗೆ ತರಲು ಎರಡು ದಿನ ಹೆಣಗಿದೆ. ಪರದೆಯ ಮೇಲೆ ಬಂತು, ನುಡಿಯಿಂದ ಅದಕ್ಕೆ ಟೈಪ್ ಮಾಡಲು ಆಗಲಿಲ್ಲ. ಆಗಲೇ ನನಗೆ ಹೊಳೆದದ್ದು, ಇಷ್ಟು ದಿನ ನಾನು ಹೋಲಿಸುತ್ತಿದ್ದುದು ತಪ್ಪು ವಸ್ತುಗಳನ್ನು. ನಮ್ಮನ್ನು ಕಟ್ಟಿಹಾಕಿರುವುದು ವಿಂಡೋಸೂ ಅಲ್ಲ, ಟಿಪಿಎಂ ಚಿಪ್ಪೂ ಅಲ್ಲ, ಇಪ್ಪತ್ತು ವರ್ಷದ ನಮ್ಮದೇ ಫೈಲುಗಳು. ಅದೇ ಕ್ರಯಪತ್ರ ಯೂನಿಕೋಡಿನಲ್ಲಿ ಇದ್ದಿದ್ದರೆ ನಾಲ್ಕರಲ್ಲಿ ಯಾವುದರಲ್ಲೂ, ವಕೀಲರ ಮೊಬೈಲಿನಲ್ಲೂ, ಅರೆಕ್ಷಣದಲ್ಲಿ ತೆರೆಯುತ್ತಿತ್ತು. ಪಕ್ಷಗಾರರ ಹೆಸರು ಹೊಡೆದು ಹುಡುಕಲೂ ಬರುತ್ತಿತ್ತು.

ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಕೆಲಸವೂ ಚೆನ್ನಾಗಿದೆ. ಆದರೆ ಅದರ ಮೇಲೆ ಭಾರ ಹಾಕಿ ಕೂರುವ ಹಾಗಿಲ್ಲ. ವಾಕ್ಯದ ನಡುವೆ ಇಂಗ್ಲಿಷಿನಲ್ಲಿ ಹೊಡೆದಿದ್ದ ಷೆಡ್ಯೂಲ್ ಎಂಬ ಪದವನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಸರ ಮಾಡಿಬಿಟ್ಟಿತು. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿತ್ತು. ಮದುವೆ ಪತ್ರಿಕೆಯಲ್ಲಿ ಇಂಥದ್ದು ಬೇಸರಕ್ಕೆ ಕಾರಣವಾಗುತ್ತದೆ, ಚಕ್ಕುಬಂದಿಯಲ್ಲಾದರೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯನ್ನು ನೋಡಬೇಕು. ಬೇರೆ ಉಪಾಯ ಇಲ್ಲ.

ಈಗ ಅಂಗಡಿ ಹೀಗಿದೆ. ಕೌಂಟರಿನ ಐ3 ಪೂರ್ತಿ ಮಿಂಟ್. ಪೆನ್‌ಡ್ರೈವು, ವಾಟ್ಸ್ಆ್ಯಪಿನಲ್ಲಿ ಬರುವ ಪಿಡಿಎಫ್, ಹೊಸ ಟೈಪಿಂಗ್ ಎಲ್ಲ ಅಲ್ಲೇ. ಹಿಂದಿನ ಐ5ರಲ್ಲಿ ವಿಂಡೋಸ್ 11 ತೆಗೆದು ಹಣ ಕೊಟ್ಟು ವಿಂಡೋಸ್ 10ರ ಭದ್ರತೆ ಒಂದು ವರ್ಷಕ್ಕೆ ತೆಗೆದುಕೊಂಡೆ. ಬೆರಳ ಗುರುತಿನ ಕೆಲಸಕ್ಕೂ, ಪೇಜ್‌ಮೇಕರಿನ ಹಳೇ ಮದುವೆ ಪತ್ರಿಕೆಗಳಿಗೂ ಮಾತ್ರ ಅದು. ಹೊಸ ಪತ್ರಿಕೆಗಳನ್ನು ಸ್ಕ್ರೈಬಸ್ ಎಂಬ ಉಚಿತ ಪುಟ ವಿನ್ಯಾಸ ತಂತ್ರಾಂಶದಲ್ಲಿ ಮಾಡಲು ಕಲಿಯುತ್ತಿದ್ದೇನೆ. ಕನ್ನಡದ ಒತ್ತಕ್ಷರ ಅದರಲ್ಲಿ ಈಗ ಸರಿಯಾಗಿ ಕೂರುತ್ತದೆ, ಬಣ್ಣದ ಕೆಲಸ ಇನ್ನೂ ನನ್ನ ಕೈಗೆ ಬಂದಿಲ್ಲ. ಫ್ಲೆಕ್ಸನ್ನು ಅಂಗಡಿಗೆ ಇಟ್ಟುಕೊಳ್ಳಲಿಲ್ಲ. ಆದರೆ ಹಳೇ ಲ್ಯಾಪ್‌ಟಾಪಿನಲ್ಲಿ ಮಕ್ಕಳ ಓದಿಗೆ, ಬ್ಯಾಂಕಿನ ಕೆಲಸಕ್ಕೆ ಏನು ಹಾಕಲಿ ಎಂದು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಸಂಜೆ ಏಳಕ್ಕೆ ಗಿರಾಕಿ ಕಡಿಮೆಯಾದ ಮೇಲೆ ಅಕ್ಕ ಹಳೇ ಪ್ರತಿ ಹಿಡಿದು ಓದುತ್ತಾರೆ, ನಾನು ಪರದೆ ನೋಡುತ್ತೇನೆ. ಮೊದಲು ಪತ್ರಗಳು, ಆಮೇಲೆ ಮಿಕ್ಕದ್ದು. 2004ರಿಂದ ಶುರುಮಾಡಿ ನಿನ್ನೆಗೆ 2009ರ ಫೋಲ್ಡರ್ ಮುಗಿಯಿತು.