ಲಿನಕ್ಸ್ ಮಿಂಟ್: ಮೂರು ಮಳೆಗಾಲ ದಾಟಿದ ಬಳಕೆ

ಉಡುಪಿಯ ಕಲ್ಸಂಕದ ಬಳಿ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರಗಳ ಡಿಟಿಪಿ ಕೆಲಸ ಮಾಡುವ ನಾನು 2023ರ ಮೇ ತಿಂಗಳಲ್ಲಿ ಅಂಗಡಿಯ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ 21.1 ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡೆ, ವಿಂಡೋಸ್ 10 ಅನ್ನೂ ಪಕ್ಕದಲ್ಲೇ ಉಳಿಸಿಕೊಂಡೆ. ಯಂತ್ರ ಚುರುಕಾದದ್ದು ನಿಜ. ಆದರೆ ಅದೇ ದಿನ ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದ್ದರಿಂದ ಶ್ರೇಯಸ್ಸನ್ನೆಲ್ಲ ಮಿಂಟ್‌ಗೇ ಕೊಡುವುದು ನ್ಯಾಯವಲ್ಲ.

ಮೊದಲ ವಾರವೇ ಗಡಿಯಾರದ ತಕರಾರು ಶುರುವಾಯಿತು. ಮಿಂಟ್‌ನಲ್ಲಿ ಕೆಲಸ ಮುಗಿಸಿ ವಿಂಡೋಸ್ ತೆರೆದರೆ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತಿತ್ತು. ರಿಪೇರಿ ಅಂಗಡಿಯವರು ಮದರ್‌ಬೋರ್ಡಿನ ಬ್ಯಾಟರಿ ಬದಲಿಸಿ ಹಣ ತೆಗೆದುಕೊಂಡರು. ಗಡಿಯಾರ ಮಾತ್ರ ಹಾಗೆಯೇ ಉಳಿಯಿತು. ‘ಬ್ಯಾಟರಿ ಹೋದರೆ ಹೀಗೆ ಲೆಕ್ಕ ಹಾಕಿ ತಪ್ಪುವುದುಂಟಾ ಅಣ್ಣ?’ ಎಂದು ಕೇಳಿದವನು ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ, ಎರಡರ ನಡುವಿನ ಅಂತರವೇ ನಮ್ಮ ಐದೂವರೆ ಗಂಟೆ ಎಂದು ಅವನು ವಿವರಿಸಿದ. ಆದೇಶಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಒಂದೇ ಸಾಲು ಸಾಕಾಯಿತು. ಮೊದಲಿನ ಸ್ಥಿತಿ ಬೇಕಾದರೆ ಕೊನೆಯ 1ರ ಬದಲು 0 ಹಾಕಬೇಕೆಂಬುದನ್ನೂ ನನ್ನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟ. ಅಂದಿನಿಂದ, ಏನು ಬದಲಿಸಿದರೆಂದು ಹೇಳಲಾಗದವರ ಕೈಗೆ ನಾನು ಯಂತ್ರ ಕೊಟ್ಟಿಲ್ಲ.

ಕನ್ನಡದ ಬೆರಳಚ್ಚಿಗೆ ತೊಂದರೆಯಾಗಲಿಲ್ಲ. ಬೇರೆ ಬೇರೆ ಭಾಷೆಗಳ ಬೆರಳಚ್ಚಿಗೆ ನೆರವಾಗುವ ಐಬಸ್ ತಂತ್ರಾಂಶಕ್ಕೆ ಎಂ17ಎನ್ ಪ್ಯಾಕೇಜ್ ಸೇರಿಸಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ. ಒತ್ತಕ್ಷರಕ್ಕೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಎಫ್ ಕೀಲಿಯೇ ಇಲ್ಲಿಯೂ ನಡೆಯುತ್ತದೆ. ಹಳೆಯ ಗ್ರಾಹಕರ ಕಡತಗಳದ್ದೇ ಬೇರೆ ಕಥೆ. ಯುನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿ ಮಾಡಿದ ಪತ್ರಿಕೆಯನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಸಾಲುಗಟ್ಟುತ್ತವೆ. ಒಂದೊಂದನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ.

ಪ್ಯಾನೆಲ್, ಥೀಮ್, ಅಕ್ಷರದ ಗಾತ್ರ ಇವೆಲ್ಲವನ್ನೂ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಯಾರ ನೆರವೂ ಇಲ್ಲದೆ ಬದಲಿಸಿಕೊಂಡೆ. ಗ್ರಾಫಿಕ್ಸ್ ಡ್ರೈವರಿಗೆ ಕೈ ಹಾಕಿದ್ದು ಅತಿಯಾಯಿತು. ಪರದೆ ಕಪ್ಪಾಗಿ ಕುಳಿತಿತು. ಹಿಂದಿನ ದಿನ ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ಸ್ನ್ಯಾಪ್‌ಶಾಟ್ (ವ್ಯವಸ್ಥೆಯ ಅಂದಿನ ಸ್ಥಿತಿಯ ಪ್ರತಿ) ತೆಗೆದಿಟ್ಟದ್ದರಿಂದ ಪೆನ್‌ಡ್ರೈವಿನ ಮೂಲಕ ಮಿಂಟ್ ತೆರೆದು ಹಳೆಯ ಸ್ಥಿತಿಗೆ ಮರಳಿದೆ. ಟೈಮ್‌ಶಿಫ್ಟ್ ತಾನಾಗಿ ನಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲವೆಂಬುದು ನೆನಪಿರಲಿ. ಗ್ರಾಹಕರ ಕಡತಗಳಿಗೆ ಬೇರೆಯೇ ಬ್ಯಾಕಪ್ ಬೇಕು.

ಬಗೆಹರಿಯದೆ ಉಳಿದದ್ದು ಹಳೆಯ ಲೇಸರ್ ಪ್ರಿಂಟರ್ ಒಂದೇ. ಅದರ ಡ್ರೈವರನ್ನು ಮಿಂಟ್‌ನಲ್ಲಿ ಮೂರು ಬಾರಿ ಹಾಕಿ ತೆಗೆದದ್ದಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಆ ಭಾಗಕ್ಕೆ ಇಂಟರ್ನೆಟ್ ಕೊಡುವುದನ್ನು ನಿಲ್ಲಿಸಿದ್ದೇನೆ. ಮಿಂಟ್‌ನಲ್ಲಿ ಪಿಡಿಎಫ್ ಮಾಡಿ, ಯಂತ್ರವನ್ನು ಮರಳಿ ಚಾಲೂ ಮಾಡಿ, ವಿಂಡೋಸ್ ತೆರೆದು ಅಲ್ಲಿಂದ ಮುದ್ರಿಸುತ್ತೇನೆ.