ಎರಡು ಗಿಟಾರ್, ಐದು ಆಂಪ್: ನುಡಿಸಿ ನೋಡಿದ ಮೇಲೆ ಬರೆದದ್ದು

ನನ್ನ ಹತ್ತಿರ ಎರಡು ಗಿಟಾರ್ ಇವೆ. ಒಂದು ಟೆಲಿಕಾಸ್ಟರ್ ಮಾದರಿಯ ಎಲೆಕ್ಟ್ರಿಕ್. ಇನ್ನೊಂದು ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡಿ ಆಂಪ್‌ಗೆ ಕಳಿಸುವ ಭಾಗ) ಇರುವ ಯಮಹಾ ಅಕೌಸ್ಟಿಕ್. ಭಾನುವಾರ ಗೆಳೆಯರ ಬ್ಯಾಂಡ್‌ನಲ್ಲಿ ಮೊದಲನೆಯದು ಕೈಗೆ ಬರುತ್ತದೆ. ಭಾವಗೀತೆ ಕಾರ್ಯಕ್ರಮ ಇದ್ದರೆ ಎರಡನೆಯದು. ಎರಡಕ್ಕೂ ಸೇರಿಸಿ ಒಂದೇ ಆಂಪ್ (ಗಿಟಾರ್‌ನ ದನಿಯನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಕೊಂಡರೆ ಸಾಕಲ್ವಾ ಅನ್ನುವ ಆಸೆಯಿಂದ ಹುಡುಕಾಟ ಶುರು ಮಾಡಿದೆ. ಒಂದು ವರ್ಷದಲ್ಲಿ ಐದು ಆಂಪ್ ಕೈಗೆ ಸಿಕ್ಕವು. ಕೆಲವು ಗೆಳೆಯರದ್ದು, ಒಂದು ನಮ್ಮ ಬ್ಯಾಂಡ್ ಅಭ್ಯಾಸ ಮಾಡುವ ಜ್ಯಾಮ್ ರೂಮಿನದ್ದು, ಎರಡು ಕೊನೆಗೆ ನಾನೇ ಕೊಂಡದ್ದು.

ಹೋಲಿಸಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ನುಡಿಸಿ ನೋಡುವಾಗ ನಾವೆಲ್ಲ ಒಂದು ಮೋಸಕ್ಕೆ ಒಳಗಾಗುತ್ತೇವೆ. ಎರಡು ಆಂಪ್‌ಗಳಲ್ಲಿ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅನಿಸುತ್ತದೆ. ಹಾಗಾಗಿ ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿಕೊಂಡೆ. ಎಲ್ಲ ಆಂಪ್‌ಗಳನ್ನೂ ಒಂದೇ ಮಟ್ಟಕ್ಕೆ ತಂದು, ಒಂದೇ ಗಿಟಾರ್, ಒಂದೇ 3 ಮೀಟರ್ ಕೇಬಲ್‌ನಲ್ಲಿ ನುಡಿಸಿದೆ. ಆಮೇಲೆ ಗೆಳೆಯನಿಗೆ ನುಡಿಸಲು ಹೇಳಿ ನಾನು ಪಕ್ಕದ ಕೋಣೆಯಲ್ಲಿ ನಿಂತು ಕೇಳಿದೆ. ಇಷ್ಟು ಮಾಡಿದ್ದಕ್ಕೇ ನನ್ನ ಅರ್ಧ ಅಭಿಪ್ರಾಯಗಳು ಬದಲಾದವು.

ನಾನಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ, ಅವರ ಪುಟ್ಟ ಮೊಮ್ಮಗಳು. ಆಂಪ್ ಆರಿಸುವಾಗ ಇದು ದೊಡ್ಡ ವಿಷಯ. ಮೊದಲು ಅಲ್ಲಿಂದಲೇ ಶುರು ಮಾಡುತ್ತೇನೆ.

ಮನೆಯೊಳಗೆ ನನಗೆ ಅತಿ ಹೆಚ್ಚು ಇಷ್ಟವಾದದ್ದು ಯಮಹಾ ಟಿಎಚ್‌ಆರ್ 10-2. ನೋಡಲು ಹಳೇ ರೇಡಿಯೊ ತರ ಇದೆ. ತೂಕ ಸುಮಾರು 3 ಕಿಲೋ. ಒಳಗೆ 8 ಸೆಂಟಿಮೀಟರ್‌ನ ಎರಡು ಪುಟ್ಟ ಸ್ಪೀಕರ್. ಇಷ್ಟು ಸಣ್ಣದರಲ್ಲಿ ಏನು ಬಂದೀತು ಅಂದುಕೊಂಡಿದ್ದೆ. ಆದರೆ ಮಾತಾಡುವಷ್ಟೇ ಸಣ್ಣ ದನಿಯಲ್ಲೂ ಇದರ ನಾದ ತುಂಬಿಕೊಂಡಿರುತ್ತದೆ. ಅದಕ್ಕೊಂದು ಕಾರಣ ಇದೆ. ಶಬ್ದ ಕಡಿಮೆಯಾದಷ್ಟೂ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಮೇಲಿನ ಟ್ರೆಬಲ್ ಕಡಿಮೆ ಕೇಳಿಸುತ್ತವೆ. ದೊಡ್ಡ ಆಂಪ್ ಅನ್ನು ಸಣ್ಣಗೆ ಇಟ್ಟರೆ ಬಡಕಲಾಗಿ ಕೇಳುವುದು ಇದರಿಂದಲೇ. ಟಿಎಚ್‌ಆರ್ ಅನ್ನು ಮಾಡಿರುವುದೇ ಸಣ್ಣ ದನಿಗಾಗಿ. ಇದರಲ್ಲಿ ಅಕೌಸ್ಟಿಕ್‌ಗೆಂದೇ ಒಂದು ಬೇರೆ ಮೋಡ್ ಕೂಡ ಇದೆ. ಪಿಕಪ್‌ನ ಒಣ ಸದ್ದಿಗೆ ಮೈಕ್ ಮುಂದೆ ನುಡಿಸಿದ ಹಾಗೆ ಸ್ವಲ್ಪ ಗಾಳಿ ಸೇರಿಸುತ್ತದೆ. ರಾತ್ರಿ ಹತ್ತಕ್ಕೆ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಡ್ರಮ್ಸ್ ಪಕ್ಕದಲ್ಲಿ ಇಟ್ಟರೆ ಇದು ಕೇಳಿಸುವುದೇ ಇಲ್ಲ. ಹೊರಗಿನ ಕಾರ್ಯಕ್ರಮಕ್ಕೆ ಒಯ್ಯುವ ಮಾತೇ ಇಲ್ಲ.

ಎಲೆಕ್ಟ್ರಿಕ್ ವಿಷಯಕ್ಕೆ ಬಂದರೆ ನಿಜವಾದ ಪೈಪೋಟಿ ಎರಡರ ನಡುವೆ. ಬಾಸ್ ಕತಾನಾ 50 ಒಂದು ಕಡೆ, ಫೆಂಡರ್ ಬ್ಲೂಸ್ ಜೂನಿಯರ್ ಇನ್ನೊಂದು ಕಡೆ. ಎರಡರಲ್ಲೂ 12 ಇಂಚಿನ ಒಂದು ಸ್ಪೀಕರ್. ಕತಾನಾ 50 ವ್ಯಾಟ್, ಅದರಲ್ಲಿ ಟ್ಯೂಬ್ (ಹಳೇ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವ್) ಇಲ್ಲ. ಬ್ಲೂಸ್ ಜೂನಿಯರ್ 15 ವ್ಯಾಟ್, ಪೂರ್ತಿ ಟ್ಯೂಬ್. ಹಾಗಾದರೆ ಕತಾನಾ ಮೂರು ಪಟ್ಟು ಜೋರು ಅನ್ನಿಸಬಹುದು. ಹಾಗಿಲ್ಲ. ವ್ಯಾಟ್ ಎರಡರಷ್ಟಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಜೊತೆಗೆ ಟ್ಯೂಬ್ ಆಂಪ್ ತನ್ನ ಮಿತಿ ದಾಟಿದ ಮೇಲೂ ಅದರ ದನಿ ಇಂಪಾಗಿಯೇ ಒಡೆದು ಒರಟಾಗುತ್ತದೆ, ಆದ್ದರಿಂದ ಅದನ್ನು ಕೊನೆಯವರೆಗೂ ಏರಿಸಬಹುದು. ಜ್ಯಾಮ್ ರೂಮಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿದಾಗ ಜೋರಿನಲ್ಲಿ ಒಂದಕ್ಕೊಂದು ಕಡಿಮೆ ಇರಲಿಲ್ಲ.

ಬ್ಲೂಸ್ ಜೂನಿಯರ್ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಹಂತದಲ್ಲಿ 12ಎಎಕ್ಸ್7 ಅನ್ನುವ ಮೂರು ಟ್ಯೂಬ್, ಪವರ್‌ಗೆ ಇಎಲ್84 ಅನ್ನುವ ಎರಡು ಟ್ಯೂಬ್. ಆನ್ ಮಾಡಿದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೊ ತರ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಬೆರಳಿನ ಮಾತು ಕೇಳುತ್ತದೆ. ಮೆಲ್ಲಗೆ ಮೀಟಿದರೆ ಶುದ್ಧ ನಾದ, ಸ್ವಲ್ಪ ಗಟ್ಟಿಯಾಗಿ ಮೀಟಿದರೆ ಅದೇ ಸ್ವರಕ್ಕೆ ಒರಟು ಅಂಚು. ಗಿಟಾರ್‌ನ ವಾಲ್ಯೂಮ್ ಒಂದನ್ನೇ ತಿರುಗಿಸಿಕೊಂಡು ಇಡೀ ಹಾಡು ಮುಗಿಸಬಹುದು. ಸ್ಪ್ರಿಂಗ್ ರಿವರ್ಬ್ ಅಂತೂ ಬಾವಿಯೊಳಗೆ ಕೂಗಿದ ಹಾಗೆ ಮರುದನಿ ಕೊಡುತ್ತದೆ.

ಆದರೆ ಈ ಸುಖ ಸಿಗುವುದು ವಾಲ್ಯೂಮ್ ಏರಿಸಿದಾಗ ಮಾತ್ರ. ಗೆಳೆಯ ಒಂದು ವಾರಕ್ಕೆ ಅಂತ ನನ್ನ ಮನೆಗೆ ಕೊಟ್ಟಿದ್ದ. ಮಾಸ್ಟರ್ ವಾಲ್ಯೂಮ್ ಅನ್ನು ಎರಡಕ್ಕೆ ಇಟ್ಟಿದ್ದೆ, ಅಷ್ಟಕ್ಕೇ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. "ಮಗು ಈಗ ತಾನೇ ಮಲಗಿದೆ ಕಣಪ್ಪಾ, ಸ್ವಲ್ಪ ಕಡಿಮೆ ಮಾಡ್ತೀಯಾ?" ಅಂದರು. ಅವರ ಮಾತು ಸರಿಯಾಗಿತ್ತು. ಮಾಸ್ಟರ್ ಇಳಿಸಿದೆ, ಆಗ ಆಂಪ್‌ನ ಜೀವವೇ ಇಳಿದು ಹೋಯಿತು. ಇದರಲ್ಲಿ ಹೆಡ್‌ಫೋನ್ ಜಾಕ್ ಕೂಡ ಇಲ್ಲ. ಸುಮ್ನೆ ಸ್ಪೀಕರ್ ವೈರ್ ಕಿತ್ತು ನುಡಿಸುತ್ತೇನೆ ಅಂತ ಯಾರೂ ಹೋಗಬೇಡಿ, ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಓಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ತೂಕ 14 ಕಿಲೋ ಆಸುಪಾಸು. ಆಟೋದಲ್ಲಿ ಸಾಗಿಸುವಾಗ ಪ್ರತಿ ಹಂಪ್‌ನಲ್ಲೂ ಟ್ಯೂಬ್‌ಗಳದ್ದೇ ಯೋಚನೆ. ಬೆಲೆ ಕತಾನಾಗಿಂತ ಎರಡು ಪಟ್ಟಿಗೂ ಜಾಸ್ತಿ, ಮೇಲಿಂದ ವರ್ಷಗಳು ಕಳೆದಂತೆ ಟ್ಯೂಬ್ ಬದಲಿಸುವ ಖರ್ಚು.

ಕತಾನಾ ಗೆಲ್ಲುವುದು ಇಲ್ಲೇ. ಇದರಲ್ಲಿ ಪವರ್ ಇಳಿಸುವ ಗುಂಡಿ ಇದೆ: 50, 25, ಅರ್ಧ ವ್ಯಾಟ್. ಅರ್ಧ ವ್ಯಾಟ್‌ಗೆ ಇಟ್ಟು ಕ್ರಂಚ್ ಅನ್ನುವ ಒರಟು ದನಿಯ ಚಾನೆಲ್ ಹಾಕಿದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಆರಾಮಾಗಿ ನುಡಿಸಬಹುದು, ದನಿಯೂ ಬಡಕಲಾಗುವುದಿಲ್ಲ. ಹೆಡ್‌ಫೋನ್ ಜಾಕ್ ಇದೆ. ಡಿಲೇ, ರಿವರ್ಬ್, ಬೂಸ್ಟರ್ ಎಲ್ಲ ಒಳಗೇ ಇರುವುದರಿಂದ ಮೊದಲ ಎರಡು ವರ್ಷ ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಿಸುವ ಡಬ್ಬಿ) ಕೊಳ್ಳುವ ಅಗತ್ಯವೇ ಬರುವುದಿಲ್ಲ. ತೂಕವೂ 12 ಕಿಲೋ ಒಳಗೆ. ನಾನು ಹೇಳುತ್ತಿರುವುದು 2019ರ ಎರಡನೇ ತಲೆಮಾರಿನ ಮಾತು. 2024ರಲ್ಲಿ ಮೂರನೆಯದು ಬಂತು. ಆದ್ದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯದು ಹುಡುಕುವವರು ಸ್ವಲ್ಪ ಚೌಕಾಸಿ ಮಾಡಬಹುದು.

ಪಕ್ಕದ ಕೋಣೆಯಲ್ಲಿ ನಿಂತು ಕೇಳಿದಾಗ ಎರಡರ ಕ್ಲೀನ್, ಅಂದರೆ ಒಡೆಯದ ಶುದ್ಧ ದನಿಗೆ ವ್ಯತ್ಯಾಸ ಕೆಲವು ಸಲ ನನಗೆ ಗೊತ್ತೇ ಆಗಲಿಲ್ಲ. ಗಿಟಾರ್ ನನ್ನ ಕೈಯಲ್ಲಿದ್ದಾಗ ಮಾತ್ರ ಗೊತ್ತಾಗುತ್ತಿತ್ತು. ಬೆರಳಿಗೆ ಆಂಪ್ ಕೊಡುವ ಆ ಉತ್ತರ ಬ್ಲೂಸ್ ಜೂನಿಯರ್‌ನಲ್ಲಿ ಇನ್ನೂ ಹತ್ತಿರದ್ದು. ನುಡಿಸುವವನಿಗೆ ಅದು ಮುಖ್ಯವೇ. ಆದರೆ ಅದು ಕೇಳುವವರಿಗೂ ತಲುಪುತ್ತದೆ ಅಂತ ನಾನು ಇನ್ನು ಹೇಳಲಾರೆ.

ಈಗ ಅಕೌಸ್ಟಿಕ್. ಒಂದೇ ಆಂಪ್ ಆಸೆ ಮುರಿದು ಬಿದ್ದದ್ದು ಇಲ್ಲಿ.

ಕತಾನಾದಲ್ಲಿ ಅಕೌಸ್ಟಿಕ್ ಅನ್ನುವ ಚಾನೆಲ್ ಇದೆ. ನನ್ನ ಯಮಹಾ ಗಿಟಾರನ್ನು ಅದಕ್ಕೆ ಚುಚ್ಚಿ ಒಂದು ಭಾವಗೀತೆ ನುಡಿಸಿದೆ. ದನಿ ರಟ್ಟಿನ ಡಬ್ಬದೊಳಗಿಂದ ಬಂದ ಹಾಗಿತ್ತು. ಟ್ರೆಬಲ್ ಪೂರ್ತಿ ಏರಿಸಿದರೂ ತಂತಿಯ ಮಿನುಗು ಬರಲಿಲ್ಲ. ಬರುವುದು ಸಾಧ್ಯವೂ ಇಲ್ಲ. ಎಲೆಕ್ಟ್ರಿಕ್ ಗಿಟಾರ್‌ನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲೆ ಕೈಚೆಲ್ಲುತ್ತದೆ. ಎಲೆಕ್ಟ್ರಿಕ್‌ಗೆ ಅದು ಒಳ್ಳೆಯದೇ, ಒಡೆದ ದನಿಯ (ಡಿಸ್ಟಾರ್ಷನ್) ಕರ್ಕಶ ಭಾಗವನ್ನು ಸ್ಪೀಕರೇ ಸೋಸಿಬಿಡುತ್ತದೆ. ಅಕೌಸ್ಟಿಕ್‌ನ ಚೆಲುವು ಮಾತ್ರ ಬಹುಪಾಲು ಅದೇ ಜಾಗದಲ್ಲಿ ಇರುತ್ತದೆ. ಎಲೆಕ್ಟ್ರಿಕ್‌ಗೆ ಆಂಪ್ ಅಂದರೆ ವಾದ್ಯದ ಅರ್ಧ ಭಾಗ, ಅದು ದನಿಯನ್ನು ಬದಲಿಸಲೇಬೇಕು. ಅಕೌಸ್ಟಿಕ್ ವಾದ್ಯ ಆಗಲೇ ಪೂರ್ತಿಯಾಗಿದೆ, ಅದನ್ನು ಇದ್ದ ಹಾಗೆ ದೊಡ್ಡದು ಮಾಡಿದರೆ ಸಾಕು. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಕೂರುವುದು ಕಷ್ಟ.

ಫಿಶ್‌ಮನ್ ಲೌಡ್‌ಬಾಕ್ಸ್ ಮಿನಿ ಆ ಕೆಲಸಕ್ಕೇ ಹುಟ್ಟಿದ್ದು. 60 ವ್ಯಾಟ್, ಕೆಳಗಿನ ಸ್ವರಗಳಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದು ಇಂಚಿನ ಟ್ವೀಟರ್. ಆ ಟ್ವೀಟರ್‌ನಿಂದಲೇ ತಂತಿ ಮತ್ತೆ ತಂತಿಯಂತೆ ಕೇಳಿತು. ಎರಡು ಚಾನೆಲ್, ಒಂದಕ್ಕೆ ಗಿಟಾರ್, ಇನ್ನೊಂದಕ್ಕೆ ಹಾಡುವವರ ಮೈಕ್. ಮಾವನ ಮನೆಯ ಹಜಾರದಲ್ಲಿ ನಲವತ್ತು ಜನರ ಮುಂದೆ ಇದೊಂದರಲ್ಲೇ ಇಡೀ ಸಂಜೆ ನಡೆಸಿದ್ದೇವೆ. ಇದರಲ್ಲಿ ನನ್ನ ಟೆಲಿಕಾಸ್ಟರ್ ಹಾಕಿಯೂ ನೋಡಿದೆ. ಕ್ಲೀನ್ ಪರವಾಗಿಲ್ಲ. ದನಿಯನ್ನು ಒರಟು ಮಾಡುವ ಓವರ್‌ಡ್ರೈವ್ ಪೆಡಲ್ ಒತ್ತಿದ ಕೂಡಲೇ ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಇಲ್ಲೂ ತಪ್ಪು ಆಂಪ್‌ನದ್ದಲ್ಲ. ಸೋಸಬೇಕಾದದ್ದನ್ನು ಟ್ವೀಟರ್ ಎತ್ತಿ ತೋರಿಸುತ್ತಿತ್ತು.

ಅಕೌಸ್ಟಿಕ್‌ನ ದೊಡ್ಡ ಕಾಟ ಫೀಡ್‌ಬ್ಯಾಕ್, ಗುಂಯ್ ಅಂತ ಕೂಗುವುದು. ಗಿಟಾರ್‌ನ ಹೊಟ್ಟೆಯೊಳಗಿನ ಗಾಳಿ ಸುಮಾರು 100 ಹರ್ಟ್ಸ್‌ನಲ್ಲಿ, ಮೇಲಿನ ಹಲಗೆ ಸುಮಾರು 200ರಲ್ಲಿ ತಾನಾಗಿಯೇ ಮೊಳಗಲು ನೋಡುತ್ತದೆ. ಆಂಪ್‌ನ ದನಿ ಅದಕ್ಕೆ ತಾಗಿದರೆ ಕೂಗು ಶುರು. ಲೌಡ್‌ಬಾಕ್ಸ್‌ನಲ್ಲಿ ಸಿಗ್ನಲ್ ಅನ್ನು ತಲೆಕೆಳಗು ಮಾಡುವ ಫೇಸ್ (phase) ಅನ್ನುವ ಸಣ್ಣ ಗುಂಡಿ ಇದೆ, ಒತ್ತಿ ನೋಡಿ, ಅರ್ಧ ಸಲ ಅದರಿಂದಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಗಿಟಾರ್‌ನ ತೂತಿಗೆ ರಬ್ಬರ್ ಮುಚ್ಚಳ ಹಾಕಿ. ಕೆಲವು ನೂರು ರೂಪಾಯಿಯ ಆ ಮುಚ್ಚಳ ನನಗೆ ಮಾಡಿದಷ್ಟು ಉಪಕಾರವನ್ನು ದುಬಾರಿ ಸಾಮಾನು ಮಾಡಿಲ್ಲ.

ಊರ ಹಬ್ಬ, ಗಣೇಶನ ಪೆಂಡಾಲ್‌ನಲ್ಲಿ ನುಡಿಸುವವರಿಗೆ ಇನ್ನೊಂದು ಮಾತು. ಅಲ್ಲಿ ಜನರಿಗೆ ಕೇಳಿಸುವುದು ನಿಮ್ಮ ಆಂಪ್ ಅಲ್ಲ, ಮೈಕ್‌ಸೆಟ್. ಲೌಡ್‌ಬಾಕ್ಸ್‌ನ ಹಿಂದೆ ಡಿಐ ಔಟ್ ಇದೆ, ಅಂದರೆ ಗಿಟಾರ್‌ನ ಸಿಗ್ನಲ್ ಅನ್ನು ಮೈಕ್‌ಸೆಟ್‌ಗೆ ಕಳಿಸುವ ಜಾಕ್. ಅಲ್ಲಿಂದ ಒಂದು ಮೈಕ್ ಕೇಬಲ್ ಮಿಕ್ಸರ್‌ಗೆ ಕೊಟ್ಟು, ಆಂಪ್ ಅನ್ನು ನನ್ನ ಪಕ್ಕದಲ್ಲೇ ನನಗೆ ಕೇಳಿಸುವ ಮಾನಿಟರ್ ತರ ಇಟ್ಟುಕೊಳ್ಳುತ್ತೇನೆ. ಆಂಪ್ ಇಲ್ಲದವರು ಅದೇ ಕೆಲಸ ಮಾಡುವ ಒಂದು ಡಿಐ ಬಾಕ್ಸ್ ಕೊಂಡರೂ ಸಾಕು. ಗಿಟಾರ್‌ನ ಜಾಕ್ ಅನ್ನು ಉದ್ದನೆ ವೈರಿನಲ್ಲಿ ನೇರ ಮಿಕ್ಸರ್‌ಗೆ ಎಳೆದರೆ ಗುಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ.

ರೋಲ್ಯಾಂಡ್ ಕ್ಯೂಬ್ ಸ್ಟ್ರೀಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆರೂವರೆ ಇಂಚಿನ ಎರಡು ಸ್ಪೀಕರ್, ಒಟ್ಟು 5 ವ್ಯಾಟ್, ಆರು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತದೆ. ಕರೆಂಟ್ ಹೋದರೂ ಹಾಡು ನಿಲ್ಲುವುದಿಲ್ಲ. ಎರಡೂ ಗಿಟಾರ್‌ಗೆ ಒಂದೇ ಆಂಪ್ ಬೇಕೇ ಬೇಕು ಅನ್ನುವವರಿಗೆ ಇದೇ ಹತ್ತಿರದ ಉತ್ತರ. ಎರಡರಲ್ಲೂ ಮಧ್ಯಮ, ಯಾವುದರಲ್ಲೂ ಕೆಟ್ಟದ್ದಲ್ಲ. ಟೆರೇಸ್ ಮೇಲೆ ನಾಲ್ಕು ಜನ ಕೂತು ಹಾಡುವುದಕ್ಕೆ ತುಂಬಾ ಹಿತ.

ಕೊಳ್ಳುವ ಮುಂಚೆ ಒಂದು ಎಚ್ಚರಿಕೆ. ನನ್ನ ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ ಒಂದು ಸಣ್ಣ ಟ್ಯೂಬ್ ಆಂಪ್ ತಂದ. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಪ್ಲಗ್ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದೆವು. ಒಂದು ಚಟ್ ಸದ್ದು, ಸುಟ್ಟ ವಾಸನೆ, ಅಷ್ಟೇ. ಫ್ಯೂಸ್ ಹೋಗಿತ್ತು, ಅದೃಷ್ಟಕ್ಕೆ ಟ್ರಾನ್ಸ್‌ಫಾರ್ಮರ್ ಉಳಿದಿತ್ತು. ಅದನ್ನು ಈಗ ಎಸ್‌ಪಿ ರೋಡಿನಿಂದ ತಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುತ್ತಿದ್ದಾನೆ. ಆಂಪ್‌ನ ಹಿಂದೆ ವೋಲ್ಟ್ ಎಷ್ಟು ಅಂತ ಬರೆದಿರುತ್ತದೆ, ದಯವಿಟ್ಟು ಓದಿ. ಹಾಗೆಯೇ ಮನೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅರ್ಥಿಂಗ್ ಇಲ್ಲದಿದ್ದರೆ ಗುಯ್‌ಗುಟ್ಟುವುದಷ್ಟೇ ಅಲ್ಲ, ಮೈಕ್‌ಗೆ ತುಟಿ ತಾಗಿದಾಗ ಶಾಕ್ ಹೊಡೆಯಬಹುದು.

ಕೊನೆಗೆ ನಾನು ಕೊಂಡದ್ದು ಕತಾನಾ 50 ಮತ್ತು ಲೌಡ್‌ಬಾಕ್ಸ್ ಮಿನಿ. ಎರಡನ್ನೂ ಸೇರಿಸಿದರೂ ಒಂದು ಹೊಸ ಬ್ಲೂಸ್ ಜೂನಿಯರ್‌ನ ಬೆಲೆ ದಾಟಲಿಲ್ಲ. ಕತಾನಾವನ್ನು ನೆಲದ ಮೇಲೆ ಇಡದೆ ಒಂದು ಕುರ್ಚಿ ಮೇಲೆ, ಕಿವಿಯ ಕಡೆಗೆ ಸ್ವಲ್ಪ ವಾಲಿಸಿ ಇಡುತ್ತೇನೆ. ನೆಲದಲ್ಲಿದ್ದಾಗ ಬೇಸ್ ಉಬ್ಬಿಕೊಳ್ಳುತ್ತಿತ್ತು, ಕೆಳಗಿನ ಮನೆಗೂ ಅದೇ ಇಳಿಯುತ್ತಿತ್ತು. ಬ್ಲೂಸ್ ಜೂನಿಯರ್ ಜ್ಯಾಮ್ ರೂಮಿನಲ್ಲೇ ಇದೆ. ಭಾನುವಾರ ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಹೋಗಿ, ಅದನ್ನು ಬಿಸಿ ಮಾಡಿ, ವಾಲ್ಯೂಮ್ ಆರಕ್ಕೆ ಇಟ್ಟು ನುಡಿಸುತ್ತಾ ಕೂರುತ್ತೇನೆ.