ಸಂತೆ, ಅಂಗಡಿ, ಪಾರ್ಸೆಲ್: ಹಲಸಿನ ಹಪ್ಪಳ ಮೂರು ಕಡೆ ಮಾರಿ ನೋಡಿದೆ

ಮೂರು ಬೇಸಿಗೆಯಿಂದ ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇನೆ. ಶಿರಸಿ ಪೇಟೆಯಿಂದ ಒಳಗಿರುವ ಹಳ್ಳಿ ನಮ್ಮದು. ಮಾಡುವುದನ್ನು ಅತ್ತೆ ಕಲಿಸಿದರು. ಮಾರುವುದನ್ನು ಕಲಿಸುವವರು ಯಾರೂ ಇರಲಿಲ್ಲ. ಹಾಗಾಗಿ ಸಂತೆ, ಅಂಗಡಿ, ಪಾರ್ಸೆಲ್ ಮೂರನ್ನೂ ಮಾಡಿ ನೋಡಿದೆ. ಮನೆಯಲ್ಲೇ ಏನಾದರೂ ಶುರು ಮಾಡಬೇಕು ಅಂತಿರುವವರಿಗೆ ಉಪಯೋಗವಾಗಲಿ ಎಂದು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಮೊದಲು ಖರ್ಚಿನ ವಿಷಯ. ಏಪ್ರಿಲ್, ಮೇ ಎರಡು ತಿಂಗಳು ವಾರಕ್ಕೆ ಮೂರು ದಿನ ಕೆಲಸ. ಊರಿನ ನಾಲ್ಕು ಜನ ಹೆಂಗಸರು ಬೆಳಗ್ಗೆಯೇ ಬರುತ್ತಾರೆ. ಬಲಿತ ಹಲಸಿನಕಾಯಿ ಒಡೆದು, ಸೊಳೆ ಬಿಡಿಸಿ, ಬೇಯಿಸಿ, ಮೆಣಸು, ಉಪ್ಪು, ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ ಒತ್ತಬೇಕು. ಬಿಸಿಲು ನಮಗಾಗಿ ಕಾಯುವುದಿಲ್ಲ. ಹನ್ನೊಂದರೊಳಗೆ ಚಾಪೆಯ ಮೇಲೆ ಹೋಗದಿದ್ದರೆ ಅವತ್ತಿನ ಹಪ್ಪಳ ಅವತ್ತು ಒಣಗುವುದಿಲ್ಲ. ವಾರಕ್ಕೆ ಸುಮಾರು 2,100 ಹಪ್ಪಳ ಆಗುತ್ತದೆ. 25ರ ಕಟ್ಟು ಮಾಡಿದರೆ 84 ಕಟ್ಟು. ನಾಲ್ವರ ಬಟವಾಡೆ ವಾರಕ್ಕೆ 4,800 ರೂಪಾಯಿ. ಎಲ್ಲ ಸೇರಿಸಿದರೆ ಒಂದು ಕಟ್ಟಿಗೆ ನನಗೆ ಬೀಳುವ ಖರ್ಚು 85 ರೂಪಾಯಿ.

ಆ 4,800ನ್ನು ಶನಿವಾರ ಸಂಜೆ ಕೊಡಲೇಬೇಕು. ಅವರ ಮನೆಯ ಭಾನುವಾರದ ಸಾಮಾನು ಅದರಲ್ಲೇ ಬರುವುದು. ಹಾಗಾಗಿ ಯಾವ ದಾರಿಯಲ್ಲಿ ಮಾರಿದರೂ ನಾನು ಮೊದಲು ನೋಡುವುದು ಒಂದನ್ನೇ. ಶನಿವಾರದೊಳಗೆ ದುಡ್ಡು ಕೈಗೆ ಬರುತ್ತದಾ? ಬೆಲೆ ಎಷ್ಟು ಸಿಕ್ಕಿತು ಎನ್ನುವುದು ಆಮೇಲೆ.

ಮೊದಲ ವರ್ಷ ಸಂತೆಗೆ ಹೋದೆ. ಶಿರಸಿ ಸಂತೆ ಮಂಗಳವಾರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರುವುದರಿಂದ ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ಖರ್ಚಿಲ್ಲ. ಅದು ಸಣ್ಣ ಮಾತಲ್ಲ. ನನ್ನಂತೆ ತರಕಾರಿ, ಹೂವು, ಬಾಳೆಎಲೆ ಹೊತ್ತು ಬರುವ ಎಷ್ಟೋ ಹೆಂಗಸರಿಗೆ ಉಳಿಯುವ ಲಾಭವೇ ಆ ಬಸ್ ಚಾರ್ಜಿನಷ್ಟು. ಸಂತೆಯಲ್ಲಿ ಕಟ್ಟಿಗೆ 140 ರೂಪಾಯಿ. ಒಳ್ಳೆಯ ದಿನ 25 ಕಟ್ಟು ಹೋಗುತ್ತದೆ. ಕೈಯಲ್ಲಿ 3,500 ರೂಪಾಯಿ, ಅವತ್ತೇ.

ದುಡ್ಡಿಗಿಂತ ಜಾಸ್ತಿ ಸಂತೆ ನನಗೆ ಕೊಟ್ಟಿದ್ದು ಗಿರಾಕಿಯ ಮುಖ. ಒಬ್ಬ ಅಜ್ಜಿ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚನ್ನು ಬೆರಳಲ್ಲಿ ಸವರಿದರು. ಒಂದು ಚೂರು ಮುರಿದು ಕಿವಿ ಹತ್ತಿರ ಸದ್ದು ಕೇಳಿ, "ತಂಗೀ, ನಡುವೆ ದಪ್ಪ ಆಗಿದೆ. ಕರಿದರೆ ಅಂಚು ಕೆಂಪಾಗುವಷ್ಟರಲ್ಲಿ ನಡುವೆ ಹಸಿ ಉಳಿಯುತ್ತದೆ" ಅಂದರು. ಮನೆಗೆ ಬಂದು ಕರಿದು ನೋಡಿದರೆ ಅವರು ಹೇಳಿದ್ದೇ ಸರಿ. ಮಾರನೇ ವಾರದಿಂದ ಉಂಡೆಯನ್ನು ಸಣ್ಣ ಮಾಡಿದೆವು. ಈ ಮಾತು ಬೇರೆ ಯಾವ ದಾರಿಯಲ್ಲೂ ನನ್ನವರೆಗೆ ಬರುತ್ತಿರಲಿಲ್ಲ.

ಆದರೆ ಸಂತೆಗೆ ಹೋದರೆ ಒಂದು ದಿನ ಹೋಯಿತು. ಅದೂ ಒಳ್ಳೆಯ ಬಿಸಿಲಿನ ದಿನ. ಜೂನ್ ಬಂದರೆ ಕಥೆ ಮುಗಿಯಿತು. ಮಲೆನಾಡಿನ ಮಳೆಯಲ್ಲಿ ತೆರೆದ ಜಾಗದಲ್ಲಿ ಹಪ್ಪಳ ಇಟ್ಟರೆ ಒಂದು ಗಂಟೆಯಲ್ಲಿ ಮೆತ್ತಗಾಗುತ್ತದೆ. ಜನ ಹಪ್ಪಳ ಕೇಳುವುದು ಮಾತ್ರ ಅದೇ ಮಳೆಗಾಲದಲ್ಲಿ, ಅಲ್ವಾ?

ಹಾಗಾಗಿ ಅಂಗಡಿ ಮೆಟ್ಟಿಲು ಹತ್ತಿದೆ. ಅಂಗಡಿಗೆ ಕೊಡಬೇಕಾದರೆ ಪ್ಯಾಕೆಟ್ ಮೇಲೆ ತೂಕ, ಬೆಲೆ, ತಯಾರಿಸಿದ ತಿಂಗಳು, ನಮ್ಮ ವಿಳಾಸ ಎಲ್ಲ ಇರಬೇಕು. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರೂ ಬೇಕು. ನಾನು ನೋಂದಣಿ ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಇದಕ್ಕೆಲ್ಲ ಹೆದರಿ ಹಿಂದೆ ಸರಿಯುವ ಹೆಂಗಸರನ್ನು ನೋಡಿದ್ದೇನೆ. ಹೆದರಬೇಡಿ. ಎರಡು ಮಧ್ಯಾಹ್ನದ ಕೆಲಸ ಅಷ್ಟೇ.

ಅಂಗಡಿಯಲ್ಲಿ ಎರಡು ಪದ್ಧತಿ. ಒಂದು, "ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು". ಇದರಲ್ಲಿ ಕಟ್ಟಿಗೆ 115 ಸಿಗುತ್ತದೆ. ಇನ್ನೊಂದು, ಅವರು ಆಗಲೇ ದುಡ್ಡು ಕೊಟ್ಟು ಕೊಳ್ಳುವುದು. ಇದರಲ್ಲಿ 105. ಹತ್ತು ರೂಪಾಯಿ ಆಸೆಗೆ ಮೊದಲು 115ರ ಅಂಗಡಿಗೇ 60 ಕಟ್ಟು ಕೊಟ್ಟೆ. ಮೇ ತಿಂಗಳಲ್ಲಿ ಕೊಟ್ಟ ಮಾಲಿನ ದುಡ್ಡು ಬಂದಿದ್ದು ಚೌತಿ ಹಬ್ಬದ ಹೊತ್ತಿಗೆ. ಹೋದಾಗಲೆಲ್ಲ "ಮುಂದಿನ ವಾರ ಬನ್ನಿ ಅಕ್ಕಾ" ಎಂಬ ಉತ್ತರ. ಹನ್ನೊಂದು ಕಟ್ಟು ವಾಪಸ್ಸೂ ಬಂತು. ಕಿಟಕಿ ಬಿಸಿಲಿಗೆ ಬಣ್ಣ ಹೋಗಿತ್ತು. ಆ ನಡುವೆ ಎರಡು ಶನಿವಾರದ ಬಟವಾಡೆಗೆ ನಾನು ಸಂಘದಲ್ಲಿ ಸಾಲ ತೆಗೆದೆ. ನಾಲ್ವರಲ್ಲಿ ಒಬ್ಬಳು ಏನೂ ಹೇಳದೆ ಸೆರಗಿಗೆ ಕೈ ಒರೆಸಿಕೊಂಡು, "ಸೋಮವಾರ ಕೊಟ್ಟರೂ ಆಯ್ತು" ಎಂದು ಹೋದಳು. ಅದು ಈಗಲೂ ಮನಸ್ಸಿನಲ್ಲಿದೆ.

ಕಾನೂನು ನಮ್ಮ ಕಡೆಗಿದೆ ಎಂದು ಆಮೇಲೆ ತಿಳಿಯಿತು. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪುಕ್ಕಟೆ. ಅದು ಇದ್ದರೆ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕೊಂಡವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ನೋಂದಣಿ ಮಾಡಿಸಿಟ್ಟುಕೊಂಡಿದ್ದೇನೆ. ಆದರೆ ದಿನಾ ಮುಖ ನೋಡುವ ಊರಿನಲ್ಲಿ ಒಂದು ಡಬ್ಬ ಹಪ್ಪಳಕ್ಕೆ ಕಾಯ್ದೆ ಹಿಡಿದು ಹೋಗುವುದು ಕಷ್ಟ. ನಾನು ಹೋಗಲಿಲ್ಲ. ಆ ಅಂಗಡಿಗೆ ಕೊಡುವುದನ್ನು ನಿಲ್ಲಿಸಿದೆ.

105ರ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ದಿನಸಿ ಅಂಗಡಿ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬುಧವಾರ ಮಾಲು ಕೊಟ್ಟರೆ ಅಲ್ಲೇ ಎಣಿಸಿ ಫೋನ್‌ಪೇ ಮಾಡುತ್ತಾರೆ. ಎರಡನೇ ವಾರ ಆ ಅಕ್ಕ ನನ್ನನ್ನು ಕೂರಿಸಿ ಹೇಳಿದರು: "ಮಾರಿಕಾಂಬೆ ದೇವಸ್ಥಾನಕ್ಕೆ ಬಂದವರು, ಸಹಸ್ರಲಿಂಗ, ಯಾಣ ನೋಡಲು ಬಂದವರು ಕಟ್ಟು ಎತ್ತಿ ನೋಡುತ್ತಾರೆ, ಮತ್ತೆ ಕೆಳಗಿಡುತ್ತಾರೆ. 25 ಹಪ್ಪಳ ಬ್ಯಾಗಿನಲ್ಲಿ ಹಿಡಿಸುವುದಿಲ್ಲ. ಹತ್ತರದ್ದು ಮಾಡಿ ಕೊಡಿ." ಮಾಡಿ ಕೊಟ್ಟೆ. 25ರ ಕಟ್ಟು ಊರಿನವರಿಗೆ, 10ರ ಪ್ಯಾಕೆಟ್ ಹೊರಗಿನವರಿಗೆ. ಮಳೆಗಾಲದಲ್ಲೂ ಆ ಅಂಗಡಿಯಲ್ಲಿ ನನ್ನ ಮಾಲು ನಿಲ್ಲಲಿಲ್ಲ. ಗಾಳಿಯಾಡದ ತಗಡಿನ ಡಬ್ಬದಲ್ಲಿಟ್ಟು, ಗಿರಾಕಿ ಕೇಳಿದಾಗ ಮಾತ್ರ ಮುಚ್ಚಳ ತೆಗೆಯುತ್ತಾರೆ. ಬೇರೆಯವರ ಮಾಲಿಗೆ ಇಷ್ಟು ಕಾಳಜಿ ಮಾಡುವವರು ಸಿಗುವುದು ಅಪರೂಪ. ನಮ್ಮ ಮನೆಯ ತಿಂಗಳ ಸಾಮಾನನ್ನೂ ಈಗ ಅಲ್ಲೇ ತರುತ್ತೇವೆ.

ಪಾರ್ಸೆಲ್ ಶುರುವಾಗಿದ್ದು ವಾಟ್ಸಾಪಿನಿಂದ. ಬೆಂಗಳೂರು, ಪುಣೆ, ಮುಂಬೈಗೆ ಹೋಗಿ ನೆಲೆಸಿದ ನಮ್ಮ ಕಡೆಯವರೇ ಗಿರಾಕಿಗಳು. ಬೆಲೆ 160, ಕಳಿಸುವ ಖರ್ಚು ಅವರದ್ದು, ದುಡ್ಡು ಮುಂಗಡ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಮೊದಲ ಆರು ಪಾರ್ಸೆಲಿನಲ್ಲಿ ನಾಲ್ಕು ಪುಡಿಯಾಗಿ ಮುಟ್ಟಿದವು. ಒಬ್ಬರು ಕಳಿಸಿದ ಫೋಟೋದಲ್ಲಿ ಹಪ್ಪಳವೇ ಇರಲಿಲ್ಲ, ಬರೀ ಚೂರು. ಮತ್ತೆ ನನ್ನ ಖರ್ಚಿನಲ್ಲೇ ಕಳಿಸಿದೆ. ಪರಿಹಾರ ಸಿಕ್ಕಿದ್ದು ತೋಟದಲ್ಲಿ. ಒಣಗಿದ ಅಡಿಕೆ ಹಾಳೆಯನ್ನು ದುಂಡಗೆ ಕತ್ತರಿಸಿ ಕಟ್ಟಿನ ಮೇಲೊಂದು, ಕೆಳಗೊಂದು ಇಟ್ಟು ಹುರಿಯಲ್ಲಿ ಬಿಗಿಯಾಗಿ ಕಟ್ಟಿದೆ. ಸುತ್ತ ಪೇಪರ್ ತುರುಕಿ, ಡಬ್ಬ ಅಲ್ಲಾಡಿಸಿದರೂ ಸದ್ದು ಬರದಂತೆ ಮಾಡಿದೆ. ಆಮೇಲೆ ಪಾರ್ಸೆಲಿಗೆ ಎರಡೋ ಮೂರೋ ಮುರಿಯಬಹುದು, ಅದಕ್ಕೇ 25ರ ಜೊತೆ ಎರಡು ಜಾಸ್ತಿ ಹಾಕುತ್ತೇನೆ.

ಪಾರ್ಸೆಲಿನ ಕಷ್ಟ ಸಮಯದ್ದು. ರಾತ್ರಿ ಊಟವಾದ ಮೇಲೆ ಮೆಸೇಜಿಗೆ ಉತ್ತರ, ವಿಳಾಸ ಬರೆಯುವುದು, "ಎಲ್ಲಿಗೆ ಬಂತು?" ಎಂದು ಕೇಳಿದವರಿಗೆ ಹೇಳುವುದು. ಒಂದು ವಾರ ಹದಿನೈದು ಆರ್ಡರ್, ಮುಂದಿನ ವಾರ ಒಂದೂ ಇಲ್ಲ. ಇದನ್ನೇ ನಂಬಿ ನಾಲ್ವರನ್ನು ಕೆಲಸಕ್ಕೆ ಕರೆಯಲು ಧೈರ್ಯ ಸಾಲದು. ದೊಡ್ಡ ಆನ್‌ಲೈನ್ ಆ್ಯಪ್ ಒಂದರಲ್ಲೂ ಎರಡು ತಿಂಗಳು ಇದ್ದೆ. ಕಮಿಷನ್ ಕಳೆದು, ವಾಪಸ್ ಬಂದ ಮಾಲಿನ ಖರ್ಚು ಹಾಕಿದರೆ ಕಟ್ಟಿಗೆ 90 ಕೂಡ ಉಳಿಯಲಿಲ್ಲ. ನಮ್ಮಷ್ಟು ಸಣ್ಣವರಿಗೆ ಅದು ಬೇಡ.

ಈ ವರ್ಷ ಹೀಗೆ ಹಂಚಿಕೊಂಡಿದ್ದೇನೆ. ವಾರದ 84 ಕಟ್ಟಿನಲ್ಲಿ ಬುಧವಾರ 48 ಕಟ್ಟು ನಗದಿನ ಅಂಗಡಿಗೆ. 105ರಂತೆ 5,040 ರೂಪಾಯಿ. ಬಟವಾಡೆ ಅದರಲ್ಲೇ ಮುಗಿಯುತ್ತದೆ. ಪಾರ್ಸೆಲಿಗೆ ಎಷ್ಟು ಆರ್ಡರ್ ಇದೆಯೋ ಅಷ್ಟು. ಉಳಿದದ್ದು ಡಬ್ಬಕ್ಕೆ ಹೋಗುತ್ತದೆ, ಮಳೆಗಾಲಕ್ಕೆ. ಸಂತೆಗೆ ತಿಂಗಳಿಗೆ ಒಂದೇ ಸಲ ಹೋಗುತ್ತೇನೆ, ಹೊಸ ಹದದ ಹಪ್ಪಳ ಮಾಡಿದಾಗ. ಮೊನ್ನೆ ಬಾಳೆಕಾಯಿ ಹಪ್ಪಳ ಒಯ್ದಿದ್ದೆ. ಆ ಅಜ್ಜಿ ಮತ್ತೆ ಬಂದಿದ್ದರು. ಮುರಿದು, ಸದ್ದು ಕೇಳಿ, ಈ ಸಲ ಎರಡು ಕಟ್ಟು ಕಟ್ಟಿಸಿಕೊಂಡರು.